ಜನವರಿಯಲ್ಲಿ ಆಸ್ಟ್ರಿಯಾ: ಮಕ್ಕಳಿಗೆ ಸ್ಕೀ, ಅತ್ತೆಗೆ ಸಂಗೀತ. ಹತ್ತು ರಾತ್ರಿಯಲ್ಲಿ ಆಗುತ್ತಾ?

ಕುಕ್ಕರಹಳ್ಳಿ_ವಾಕರ್ (ಅಕ್ಟೋಬರ್ 4)

ಎಲ್ಲರಿಗೂ ನಮಸ್ಕಾರ. ಮೈಸೂರಿನಿಂದ ಬರೆಯುತ್ತಿದ್ದೇನೆ. ನಾವು ಐದು ಜನ: ನಾನು, ಯಜಮಾನರು, 13 ವರ್ಷದ ಮಗಳು, 9 ವರ್ಷದ ಮಗ ಮತ್ತು 67 ವರ್ಷದ ಅತ್ತೆ. ಮಕ್ಕಳಿಗೆ ಹಿಮದಲ್ಲಿ ಜಾರುವ ಹುಚ್ಚು. ಅತ್ತೆ ಮೂವತ್ತು ವರ್ಷ ಪಿಟೀಲು ಪಾಠ ಹೇಳಿದವರು. ವಿಯೆನ್ನಾದಲ್ಲಿ ಒಂದು ಕಚೇರಿ ಕೇಳಬೇಕು ಅನ್ನುವುದು ಅವರ ಬಹಳ ದಿನದ ಆಸೆ. ಎರಡೂ ಒಂದೇ ದೇಶದಲ್ಲಿ ಸಿಗುತ್ತದೆ ಅಂತ ಆಸ್ಟ್ರಿಯಾ ಆರಿಸಿಕೊಂಡೆವು.

ಟ್ರಾವೆಲ್ ಏಜೆಂಟ್ ಕೊಟ್ಟ ಪ್ಲಾನ್ ಹೀಗಿದೆ. ವಿಯೆನ್ನಾ ಎರಡು ರಾತ್ರಿ, ಹಾಲ್‌ಸ್ಟಾಟ್ ಒಂದು, ಸಾಲ್ಜ್‌ಬರ್ಗ್ ಒಂದು, ಝೆಲ್ ಆಮ್ ಸೇ ಎರಡು, ಇನ್ಸ್‌ಬ್ರುಕ್ ಎರಡು, ಕೊನೆಗೆ ಪ್ರಾಗ್ ಎರಡು. ಡಿಸೆಂಬರ್ 24ಕ್ಕೆ ಹೊರಡುವುದು. ಬೆಲೆ ಕೇಳಿ ಯಜಮಾನರು ಎರಡು ದಿನ ಮಾತಾಡಲಿಲ್ಲ.

ಮನೆಯಲ್ಲಿ ಎಲ್ಲರೂ ಸಸ್ಯಾಹಾರಿಗಳು, ಅತ್ತೆ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ನಮ್ಮಲ್ಲಿ ಯಾರೂ ಹಿಮವನ್ನು ಟೀವಿಯಲ್ಲಿ ಬಿಟ್ಟು ಬೇರೆಲ್ಲೂ ನೋಡಿಲ್ಲ. ಹೋಗಿಬಂದವರು, ಅಲ್ಲೇ ಇರುವವರು ದಯವಿಟ್ಟು ದಾರಿ ತೋರಿಸಿ.

ಇನ್_ನದಿ_ಇಡ್ಲಿ

ಅಕ್ಕ, ನಾನು ಇನ್ಸ್‌ಬ್ರುಕ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಇದು ನಾಲ್ಕನೇ ಚಳಿಗಾಲ. ಆ ಪ್ಲಾನ್ ನೋಡಿ ನನಗೇ ಸುಸ್ತಾಯಿತು. ಹತ್ತು ರಾತ್ರಿಗೆ ಆರು ಹೋಟೆಲ್! ಪ್ರತಿ ಸಲ ಐದು ಜನರ ಸೂಟ್‌ಕೇಸ್, ದಪ್ಪ ಜಾಕೆಟ್, ಬೂಟು, ಜೊತೆಗೆ ಹಿಮ ಬಿದ್ದ ಫುಟ್‌ಪಾತ್. ಚಕ್ರದ ಪೆಟ್ಟಿಗೆ ಹಿಮದ ಮೇಲೆ ಉರುಳುವುದಿಲ್ಲ, ಅದನ್ನು ಎಳೆಯಬೇಕು. ಒಂದು ಸಲ ಎಳೆದವರಿಗೆ ಅದರ ಕಷ್ಟ ಗೊತ್ತು.

ಬೆಟ್ಟದಲ್ಲಿ ಒಂದು ಊರು, ಬಯಲಲ್ಲಿ ಒಂದು ನಗರ. ಅಷ್ಟೇ ಇಟ್ಟುಕೊಳ್ಳಿ. ಮಧ್ಯೆ ರೈಲು ಇದೆ. ಇನ್ಸ್‌ಬ್ರುಕ್‌ನಿಂದ ವಿಯೆನ್ನಾಕ್ಕೆ ನಾಲ್ಕು ಗಂಟೆಗೆ ಸ್ವಲ್ಪ ಜಾಸ್ತಿ.

ಇನ್ನೊಂದು ಮಾತು. ಕ್ರಿಸ್‌ಮಸ್‌ನಿಂದ ಜನವರಿ 6ರವರೆಗೆ ಇಲ್ಲಿ ರಜೆ, ಯುರೋಪಿನ ಅರ್ಧ ಜನ ಬೆಟ್ಟದ ಮೇಲಿರುತ್ತಾರೆ. ಫೆಬ್ರವರಿಯಲ್ಲಿ ಮತ್ತೆ ಶಾಲೆಗಳ ರಜೆ, ಮತ್ತೆ ಅದೇ ನೂಕುನುಗ್ಗಲು. ಜನವರಿ 7 ದಾಟಿದ ಮೇಲಿನ ಮೂರು ವಾರ ಇದೆಯಲ್ಲ, ಆಗ ರೂಮಿನ ಬಾಡಿಗೆ ಇಳಿದಿರುತ್ತದೆ, ಹಿಮ ಚೆನ್ನಾಗಿರುತ್ತದೆ. ಮಕ್ಕಳ ಶಾಲೆ ಒಂದು ವಾರ ತಪ್ಪುತ್ತದೆ, ಅದನ್ನು ನೀವೇ ನಿಭಾಯಿಸಬೇಕು.

ಹುಬ್ಳಿ_ಮಿರ್ಚಿ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಹಿಮ ನೋಡೋಕೆ ಇಷ್ಟು ದುಡ್ಡು ಸುರಿಯಬೇಕಾ? ಗುಲ್ಮಾರ್ಗ್ ಇದೆ, ಔಲಿ ಇದೆ. ವೀಸಾ ಬೇಡ, ಯುರೋ ಬೇಡ, ಊಟಕ್ಕೆ ರೋಟಿ ದಾಲ್ ಸಿಗುತ್ತದೆ.

ಇನ್_ನದಿ_ಇಡ್ಲಿ

ಅಣ್ಣ, ಬರೀ ಹಿಮಕ್ಕಾದರೆ ನಿಮ್ಮ ಮಾತು ನೂರಕ್ಕೆ ನೂರು ಸರಿ. ಆದರೆ ಇಲ್ಲಿ ಬೆಳಿಗ್ಗೆ ಸ್ಕೀ ಕಲಿತು ಸಂಜೆ ಐದು ಶತಮಾನದ ಹಳೇ ಬೀದಿಯಲ್ಲಿ ಕಾಫಿ ಕುಡಿಯಬಹುದು. ಇನ್ಸ್‌ಬ್ರುಕ್‌ನ ಊರ ನಡುವಿನಿಂದಲೇ ಒಂದು ಪುಟ್ಟ ರೈಲು ಹತ್ತುತ್ತದೆ. ಅದರ ನಿಲ್ದಾಣಗಳನ್ನು ವಿನ್ಯಾಸ ಮಾಡಿದ್ದು ಝಹಾ ಹದೀದ್, ಶುರುವಾಗಿದ್ದು 2007ರಲ್ಲಿ. ಅಲ್ಲಿಂದ ಎರಡು ಕೇಬಲ್ ಕಾರ್ ಬದಲಿಸಿದರೆ ಅರ್ಧ ಗಂಟೆಯೊಳಗೆ 2,256 ಮೀಟರ್ ಎತ್ತರದಲ್ಲಿ ಇರುತ್ತೀರಿ. ಕೆಳಗೆ ನೋಡಿದರೆ ನಗರ, ಹಿಂದೆ ನೋಡಿದರೆ ಬರೀ ಶಿಖರ. ನಮ್ಮ ಲ್ಯಾಬಿನವರು ಊಟದ ಬಿಡುವಿನಲ್ಲೇ ಎರಡು ಸುತ್ತು ಜಾರಿ ಬರುತ್ತಾರೆ!

ಈ ಊರಲ್ಲಿ 1964 ಮತ್ತು 1976ರಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆದಿದೆ. 1964ರಲ್ಲಿ ಭಾರತದ ಪರವಾಗಿ ಒಬ್ಬರೇ ಬಂದಿದ್ದರು, ಜೆರೆಮಿ ಬುಜಾಕೋವ್‌ಸ್ಕಿ ಅಂತ. ಚಳಿಗಾಲದ ಒಲಿಂಪಿಕ್ಸ್‌ಗೆ ಭಾರತದಿಂದ ಬಂದವರಲ್ಲಿ ಅವರೇ ಮೊದಲಿಗರು.

ಡ್ಯಾನ್ಯೂಬ್_ತೀರದವಳು

ವಿಯೆನ್ನಾದಿಂದ. ಇಲ್ಲಿಗೆ ಬಂದು ಎಂಟು ವರ್ಷ.

ಇಡ್ಲಿ ಹೇಳಿದ್ದಕ್ಕೆ ನನ್ನ ಓಟು. ಪ್ರಾಗ್ ತೆಗೆದುಹಾಕಿ. ಒಳ್ಳೆಯ ಊರೇ, ಆದರೆ ಅದಕ್ಕೇ ಇನ್ನೊಮ್ಮೆ ಬನ್ನಿ. ಹಾಲ್‌ಸ್ಟಾಟ್ ಕೂಡ ಬಿಡಿ ಅಂದರೆ ಬೈಯುತ್ತೀರೇನೋ. ಕೆರೆ ದಂಡೆಯ ಪುಟ್ಟ ಹಳ್ಳಿ, ಇರುವವರು ಎಂಟು ನೂರಕ್ಕೂ ಕಡಿಮೆ ಜನ. ಚೀನಾದವರು 2012ರಲ್ಲಿ ಅದರ ನಕಲನ್ನೇ ಕಟ್ಟಿದರು, ಅಷ್ಟು ಹೆಸರು. ಆದರೆ ಸೆಲ್ಫಿ ಕೋಲುಗಳ ನಡುವೆ ಕೆರೆ ಕಾಣಲು ಜಾಗ ಹುಡುಕಬೇಕು. ರೈಲು ನಿಲ್ದಾಣ ಕೆರೆಯ ಆಚೆ ದಡದಲ್ಲಿದೆ, ದೋಣಿಯಲ್ಲಿ ದಾಟಬೇಕು. ಅಷ್ಟೆಲ್ಲ ಸಾಮಾನು ಹೊತ್ತುಕೊಂಡು ಒಂದು ರಾತ್ರಿಗೆ ಯಾಕೆ?

ವಿಮಾನದ ವಿಷಯ. ಬೆಂಗಳೂರಿನಿಂದ ವಿಯೆನ್ನಾಕ್ಕೆ ನೇರ ವಿಮಾನ ಇಲ್ಲ. ಮ್ಯೂನಿಕ್‌ಗೆ 2023ರಲ್ಲಿ ನೇರ ವಿಮಾನ ಶುರುವಾಯಿತು. ಮ್ಯೂನಿಕ್ ಜರ್ಮನಿಯಲ್ಲಿದ್ದರೂ ಟಿರೋಲ್, ಅಂದರೆ ಇನ್ಸ್‌ಬ್ರುಕ್ ಸುತ್ತಲಿನ ಬೆಟ್ಟಗಳಿಗೆ ಅದೇ ಹತ್ತಿರ, ವಿಯೆನ್ನಾ ಅಲ್ಲ. ಅಲ್ಲಿ ಇಳಿದು ಮೊದಲು ಬೆಟ್ಟ ಮುಗಿಸಿ, ಆಮೇಲೆ ಪೂರ್ವಕ್ಕೆ ಬನ್ನಿ, ವಿಯೆನ್ನಾದಿಂದ ವಾಪಸ್ ಹೊರಡಿ.

ವೀಸಾಕ್ಕೆ ಗಾಬರಿ ಬೇಡ. ಮೊದಲು ಕಾಲಿಡುವುದು ಜರ್ಮನಿಯಲ್ಲೇ ಆದರೂ ಜಾಸ್ತಿ ರಾತ್ರಿ ಉಳಿಯುವುದು ಆಸ್ಟ್ರಿಯಾದಲ್ಲಿ ತಾನೇ? ಹಾಗಾಗಿ ಅರ್ಜಿ ಆಸ್ಟ್ರಿಯಾಕ್ಕೇ ಹಾಕಬೇಕು. ದೊಡ್ಡವರಿಗೆ 90 ಯುರೋ, 6ರಿಂದ 11 ವರ್ಷದವರಿಗೆ 45. ನಿಮ್ಮ ಮಗಳಿಗೆ ಪೂರ್ತಿ, ಮಗನಿಗೆ ಅರ್ಧ. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಹಾಕಬಹುದು. ಸ್ಲಾಟ್ ಸಿಗುವುದೇ ಕಷ್ಟ, ಇವತ್ತೇ ನೋಡಿ.

ಮುರಿದ_ಮಂಡಿ

ಹೆಸರು ನೋಡಿ ನಗಬೇಡಿ, ಅದೇ ನನ್ನ ಕಥೆ. ವಿಮೆ ವಿಷಯ ಯಾರೂ ಎತ್ತಲಿಲ್ಲ, ಅದಕ್ಕೇ ಬಂದೆ.

ವೀಸಾಕ್ಕೆ 30,000 ಯುರೋ ಮೊತ್ತದ ವಿಮೆ ಬೇಕು ಅಂತ ಎಲ್ಲರೂ ಮಾಡಿಸುತ್ತಾರೆ. ನಾನೂ ಮಾಡಿಸಿದ್ದೆ, ಸಿಕ್ಕಿದ್ದರಲ್ಲಿ ಅಗ್ಗದ್ದು. ಮೂರನೇ ದಿನ ಸ್ವಲ್ಪ ಧೈರ್ಯ ಬಂತು, ನೀಲಿ ಇಳಿಜಾರು ಬಿಟ್ಟು ಕೆಂಪಿಗೆ ಹೋದೆ. ಇಲ್ಲಿ ನೀಲಿ ಅಂದರೆ ಸುಲಭ, ಕೆಂಪು ಮಧ್ಯಮ, ಕಪ್ಪು ಕಷ್ಟ. ಬಿದ್ದೆ. ದೇಹ ಒಂದು ಕಡೆ ತಿರುಗಿತು, ಮಂಡಿ ಇನ್ನೊಂದು ಕಡೆ. ಹೆಲಿಕಾಪ್ಟರ್ ಬಂತು. ಆಕಾಶದಿಂದ ಆಲ್ಪ್ಸ್ ಬಹಳ ಚೆನ್ನಾಗಿ ಕಾಣುತ್ತದೆ, ಅದನ್ನು ಮಾತ್ರ ಹೇಳಬಲ್ಲೆ.

ಊರಿಗೆ ಬಂದ ಮೇಲೆ ವಿಮೆಯವರು ಪಾಲಿಸಿಯ ಸಣ್ಣ ಅಕ್ಷರ ತೋರಿಸಿದರು: ಚಳಿಗಾಲದ ಕ್ರೀಡೆಗೆ ಅನ್ವಯಿಸುವುದಿಲ್ಲ. ನಾಲ್ಕು ಸಾವಿರ ಯುರೋ ಹತ್ತಿರ ಕೈಯಿಂದ ಕಟ್ಟಿದೆ. ತಪ್ಪು ನನ್ನದೇ, ಓದಿರಲಿಲ್ಲ. ಪಾಲಿಸಿಯಲ್ಲಿ ಸ್ಕೀಯಿಂಗ್ ಅನ್ನುವ ಪದ, ಬೆಟ್ಟದಿಂದ ಎತ್ತಿ ತರುವ ಖರ್ಚು, ಎರಡೂ ಇದೆಯಾ ಅಂತ ಕಣ್ಣಾರೆ ನೋಡಿ ದುಡ್ಡು ಕಟ್ಟಿ. ಬೆಟ್ಟದ ರಕ್ಷಣಾ ದಳದ ನಂಬರು 140. ಫೋನಿನಲ್ಲಿ ಹಾಕಿಟ್ಟುಕೊಳ್ಳಿ, ಬಳಸುವ ಗತಿ ಬಾರದಿರಲಿ.

ಕುಕ್ಕರಹಳ್ಳಿ_ವಾಕರ್

ಮಂಡಿ ಅವರೇ, ನಿಮ್ಮ ಪೋಸ್ಟ್ ಯಜಮಾನರಿಗೆ ಓದಿ ಹೇಳಿದೆ. ಈಗ ಅವರು ಕೆಳಗೆ ಕೂತು ಕಾಫಿ ಕುಡಿಯುತ್ತೇನೆ ಅನ್ನುತ್ತಿದ್ದಾರೆ!

ಸರಿ, ಕ್ರಿಸ್‌ಮಸ್ ಬೇಡ. ಜನವರಿ 9ಕ್ಕೆ ಹೊರಟು ಸಂಕ್ರಾಂತಿ ಅಲ್ಲೇ. ಬೆಟ್ಟದ ಊರು ಯಾವುದು? ಏಜೆಂಟ್ ಈಗ ಸಂಕ್ಟ್ ಆಂಟನ್ ಅನ್ನುತ್ತಿದ್ದಾರೆ, "ವರ್ಲ್ಡ್ ಫೇಮಸ್" ಅಂತೆ.

ಇನ್_ನದಿ_ಇಡ್ಲಿ

ಫೇಮಸ್ ಹೌದು. ಈಜು ಬಾರದವರನ್ನು ಸೀದಾ ಸಮುದ್ರಕ್ಕೆ ಇಳಿಸಿದ ಹಾಗೆ! ಅಲ್ಲಿಯ ಇಳಿಜಾರು ಕಡಿದು, ಸಂಜೆಯಾದರೆ ಕುಡಿತ ಕುಣಿತ ಜೋರು. ಕಿಟ್ಸ್‌ಬ್ಯೂಹೆಲ್ ಕೂಡ ನಿಮಗಲ್ಲ. ಅಲ್ಲಿ ಜನವರಿಯಲ್ಲಿ ಹಾನೆನ್‌ಕಾಮ್ ಸ್ಕೀ ರೇಸ್ ನಡೆಯುತ್ತದೆ, 1931ರಿಂದ ಬಂದ ಸಂಪ್ರದಾಯ. ಆ ವಾರ ರೂಮು ಸಿಕ್ಕರೂ ಬಾಡಿಗೆ ಕೇಳಬೇಡಿ.

ನನ್ನ ಆಯ್ಕೆ ಸೀಫೆಲ್ಡ್. ಸುಮಾರು 1,200 ಮೀಟರ್ ಎತ್ತರದ ಬಯಲಿನಂಥ ಜಾಗ. ಇನ್ಸ್‌ಬ್ರುಕ್‌ನಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗೆ. ಮ್ಯೂನಿಕ್ ಕಡೆಯಿಂದಲೂ ಗಾರ್ಮಿಶ್, ಮಿಟೆನ್‌ವಾಲ್ಡ್ ಮೇಲೆ ರೈಲು ಅಲ್ಲಿಗೇ ಬರುತ್ತದೆ. 1912ರಲ್ಲಿ ಆದ ಬೆಟ್ಟದ ಹಳಿ, ದಾರಿಯೇ ಒಂದು ಪ್ರವಾಸ. ಊರೊಳಗೇ ಗೈಗೆನ್‌ಬ್ಯೂಹೆಲ್ ಅಂತ ಹೊಸಬರ ಗುಡ್ಡ ಇದೆ. ಅಲ್ಲಿ ಮಕ್ಕಳನ್ನು ಸ್ಕೀ ಶಾಲೆಗೆ ಬಿಡಿ. ನೆಲದ ಮೇಲೆ ಓಡುವ ಪಟ್ಟಿಯ ಮೇಲೆ ನಿಂತರೆ ಅದೇ ಮೇಲಕ್ಕೆ ಕರೆದೊಯ್ಯುತ್ತದೆ. ಮೊದಲು ಕಲಿಸುವುದು ನಿಲ್ಲುವುದನ್ನು: ಎರಡು ಸ್ಕೀಗಳ ಮೂತಿ ಹತ್ತಿರ ತಂದು ಹಿಂಬದಿ ಅಗಲಿಸಬೇಕು. ಮಕ್ಕಳಿಗೆ ಅದನ್ನು "ಪಿಜ್ಜಾ" ಅಂತ ಹೇಳಿಕೊಡುತ್ತಾರೆ.

ದುಡ್ಡಿನ ಗುಟ್ಟು ಇಲ್ಲಿದೆ. ದೊಡ್ಡ ಪ್ರದೇಶಗಳಲ್ಲಿ ಬೆಟ್ಟ ಹತ್ತಿಸುವ ಲಿಫ್ಟಿನ ಒಂದು ದಿನದ ಪಾಸ್ 70 ಯುರೋ ದಾಟಿದೆ. ಹೊಸಬರಿಗೆ ಮೊದಲ ಎರಡು ಮೂರು ದಿನ ಅದರ ಅಗತ್ಯವೇ ಇಲ್ಲ, ಗುಡ್ಡದ ಚಿಕ್ಕ ಟಿಕೆಟ್ ಸಾಕು. ಏಜೆಂಟ್ ಆರು ದಿನದ ಪಾಸ್ ಹಾಕಿದ್ದರೆ ತೆಗೆಸಿ. ಸ್ಕೀ, ಬೂಟು, ಹೆಲ್ಮೆಟ್ ಎಲ್ಲ ಬಾಡಿಗೆಗೆ ಸಿಗುತ್ತದೆ. ಒಳಗಿನ ಥರ್ಮಲ್, ಕೈಗವಸು, ನೀರು ಹಿಡಿಯದ ಪ್ಯಾಂಟ್ ಮಾತ್ರ ಊರಿಂದಲೇ ತನ್ನಿ. ಜೀನ್ಸ್ ಬೇಡ, ಒದ್ದೆಯಾದರೆ ಮರದ ಹಲಗೆ. ಮಂಕಿ ಕ್ಯಾಪ್ ಮೇಲೆ ಹೆಲ್ಮೆಟ್ ಕೂರುವುದಿಲ್ಲ, ಇದು ನನ್ನ ಅಪ್ಪ ಬಂದಾಗ ಗೊತ್ತಾಯಿತು.

ನಿಮಗೂ ನಿಮ್ಮ ಯಜಮಾನರಿಗೂ ಕ್ರಾಸ್ ಕಂಟ್ರಿ ಸ್ಕೀ ಹೇಳುತ್ತೇನೆ. ಸಮತಟ್ಟು ಹಿಮದಲ್ಲಿ ಎರಡು ಗೆರೆ ಕೊರೆದಿರುತ್ತಾರೆ, ಅದರೊಳಗೆ ಜಾರುತ್ತಾ ನಡೆಯುವುದು. ಎರಡೂ ಒಲಿಂಪಿಕ್ಸ್‌ನಲ್ಲಿ ಆ ಸ್ಪರ್ಧೆ ನಡೆದದ್ದು ಸೀಫೆಲ್ಡ್‌ನಲ್ಲೇ. ಬಿದ್ದರೂ ನಿಂತ ಎತ್ತರದಿಂದ ಬೀಳುತ್ತೀರಿ, ಅಷ್ಟೇ. ನಿಮ್ಮ ಅತ್ತೆಗೆ ಹಿಮ ತಟ್ಟಿ ಗಟ್ಟಿ ಮಾಡಿದ ನಡಿಗೆ ದಾರಿಗಳಿವೆ. ಬೂಟಿಗೆ ಕಟ್ಟಿಕೊಳ್ಳುವ ಮುಳ್ಳಿನ ಪಟ್ಟಿ ಇಲ್ಲೇ ಕೊಳ್ಳಿ.

ಬೇಜಾರಿನ ಮಾತೂ ಹೇಳಿಬಿಡುತ್ತೇನೆ. ತಗ್ಗಿನ ಊರುಗಳಲ್ಲಿ ಹಿಮ ವರ್ಷ ವರ್ಷ ಅನುಮಾನವಾಗುತ್ತಿದೆ. ರಾತ್ರಿಯೆಲ್ಲ ಯಂತ್ರದಿಂದ ಹಿಮ ಚಿಮ್ಮಿಸುತ್ತಾರೆ. ಸುತ್ತ ಹಸಿರು ಹುಲ್ಲು, ನಡುವೆ ಒಂದೇ ಒಂದು ಬಿಳಿ ಪಟ್ಟಿ. ನೋಡಿದರೆ ಹೊಟ್ಟೆ ತೊಳಸಿದಂತಾಗುತ್ತದೆ. ಹಾಗಾಗಿ ಹೊರಡುವ ವಾರ ವೆಬ್‌ಕ್ಯಾಮ್ ನೋಡಿ.

ತಿಂಡಿಪೋತ

ಊಟದ ವಿಷಯ ನನಗೆ ಬಿಡಿ. ಎರಡು ಸಲ ಹೋಗಿದ್ದೇನೆ, ಪೂರ್ತಿ ಸಸ್ಯಾಹಾರಿ.

ಮೋಸ ಇರುವುದು ಸೂಪಿನಲ್ಲಿ. ದೋಸೆಯನ್ನು ಸಣ್ಣಗೆ ಹೆಚ್ಚಿ ಹಾಕಿದಂಥ ಒಂದು ಸೂಪ್ ಕೊಡುತ್ತಾರೆ, ಫ್ರಿಟಾಟೆನ್ ಅಂತ. ನೋಡಿದರೆ ಸಾಧು, ತಿಳಿ ಮಾತ್ರ ದನದ ಮೂಳೆಯದು. ಚೀಸ್ ಹಾಕಿ ತಟ್ಟಿದ ವಡೆಯಂಥದ್ದನ್ನೂ ಅದೇ ತಿಳಿಯಲ್ಲಿ ಮುಳುಗಿಸಿ ತರುತ್ತಾರೆ. ಆಲೂ ಸಲಾಡಿಗೂ ಎಷ್ಟೋ ಕಡೆ ಆ ತಿಳಿ ಸೇರಿರುತ್ತದೆ. "ಮಾಂಸ ಇಲ್ಲ ತಾನೇ" ಅಂದರೆ ಇಲ್ಲ ಅನ್ನುತ್ತಾರೆ, ತುಂಡು ಇಲ್ಲವಲ್ಲ! ತಿಳಿ ಯಾವುದರದ್ದು ಅಂತ ಬೇರೆಯಾಗಿ ಕೇಳಬೇಕು.

ಕೇಸ್‌ಸ್ಪೆಟ್ಸ್ಲೆ ಅಂದರೆ ಚೀಸ್ ಬೆರೆಸಿದ ಶಾವಿಗೆಯಂಥದ್ದು, ಮೇಲೆ ಹುರಿದ ಈರುಳ್ಳಿ. ಮೊಟ್ಟೆ ಇರುತ್ತದೆ. ಕೈಸರ್‌ಶ್ಮಾರ್ನ್ ಸಿಹಿ, ಅದರಲ್ಲೂ ಮೊಟ್ಟೆ. ಗೆರ್ಮ್‌ಕ್ನ್ಯೋಡೆಲ್ ಅಂತ ಒಂದಿದೆ: ಆವಿಯಲ್ಲಿ ಬೇಯಿಸಿದ ಉಬ್ಬಿದ ಹಿಟ್ಟಿನ ಉಂಡೆ, ಒಳಗೆ ಪ್ಲಮ್ ಹೂರಣ, ಮೇಲೆ ಗಸಗಸೆ ಪುಡಿ. ಥೇಟ್ ನಮ್ಮ ಕಡುಬಿನ ದೊಡ್ಡಣ್ಣ. ಅದರ ಹಿಟ್ಟಿಗೂ ಮೊಟ್ಟೆ ಬೀಳುವುದುಂಟು, ನಿಮ್ಮ ಅತ್ತೆಗೆ ಕೇಳಿಯೇ ಕೊಡಿಸಿ.

ನನ್ನ ಸಲಹೆ, ಹೋಟೆಲ್ ಬದಲು ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿಯಿರಿ. ಚಿಕ್ಕ ಕುಕ್ಕರ್, ಅವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಒಯ್ಯಿರಿ. ತುಪ್ಪ ಮಾತ್ರ ಬೇಡ. ಹೊರಗಿನ ದೇಶದಿಂದ ಹಾಲಿನ ಪದಾರ್ಥ ತರುವಂತಿಲ್ಲ. ಮಿರ್ಚಿ ಅಣ್ಣ, ನಿಮ್ಮ ಧಾರವಾಡ ಪೇಡಕ್ಕೂ ಪ್ರವೇಶ ಇಲ್ಲ!

ಭಾನುವಾರ ಅಂಗಡಿ ಮುಚ್ಚಿರುತ್ತದೆ. ಸೂಪರ್‌ಮಾರ್ಕೆಟ್ಟೂ ಮುಚ್ಚಿರುತ್ತದೆ. ನಾವು ಭಾನುವಾರ ಮಧ್ಯಾಹ್ನ ಹೋಗಿ ಇಳಿದು ರಾತ್ರಿ ಊಟಕ್ಕೆ ವಿಮಾನದಲ್ಲಿ ಕೊಟ್ಟ ಬಿಸ್ಕತ್ತು ತಿಂದೆವು. ದೊಡ್ಡ ರೈಲು ನಿಲ್ದಾಣದಲ್ಲಿ ಒಂದು ಅಂಗಡಿ ತೆರೆದಿರುತ್ತದೆ ಅಂತ ಆಮೇಲೆ ಗೊತ್ತಾಯಿತು.

ನಿವೃತ್ತ_ಮೇಷ್ಟ್ರು

ಪಿಟೀಲು ವಿದುಷಿಯವರು ವಿಯೆನ್ನಾಕ್ಕೆ ಹೊರಟಿದ್ದಾರೆ ಎಂದು ಓದಿ ಸುಮ್ಮನಿರಲಾಗಲಿಲ್ಲ. ನಾನು ಹತ್ತು ವರ್ಷದ ಹಿಂದೆ ಮಗನ ಜೊತೆ ಹೋಗಿದ್ದೆ.

ಮೈಸೂರಿನವರಿಗೆ ಆ ಊರು ಅಷ್ಟೇನೂ ದೂರವಲ್ಲ. ನಮ್ಮ ಜಯಚಾಮರಾಜ ಒಡೆಯರು ಪಾಶ್ಚಾತ್ಯ ಸಂಗೀತದ ದೊಡ್ಡ ಪೋಷಕರಾಗಿದ್ದರು. ಜರ್ಮನಿಯ ಸಂಗೀತ ರಚನೆಕಾರ ರಿಚರ್ಡ್ ಸ್ಟ್ರಾಸ್ ಕೊನೆಗಾಲದಲ್ಲಿ ಬರೆದ ನಾಲ್ಕು ಹಾಡುಗಳನ್ನು 1950ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ಹಾಡಿದಾಗ ಆ ಕಚೇರಿಯ ಖರ್ಚಿಗೆ ಬೆನ್ನಾಗಿ ನಿಂತವರು ಒಡೆಯರು. ಇದೇ ಸ್ಟ್ರಾಸ್ 1919ರಿಂದ 1924ರವರೆಗೆ ವಿಯೆನ್ನಾ ಸ್ಟೇಟ್ ಒಪೆರಾ ಎಂಬ ಸಂಗೀತ ನಾಟಕಶಾಲೆಯ ನಿರ್ದೇಶಕರಲ್ಲಿ ಒಬ್ಬರು. 1920ರಲ್ಲಿ ಸಾಲ್ಜ್‌ಬರ್ಗ್ ಉತ್ಸವ ಹುಟ್ಟುಹಾಕಿದವರಲ್ಲೂ ಒಬ್ಬರು.

ಒಪೆರಾ ಜುಲೈ, ಆಗಸ್ಟ್‌ನಲ್ಲಿ ಮುಚ್ಚಿರುತ್ತದೆ, ಜನವರಿಯಲ್ಲಿ ಭರ್ತಿ ನಡೆಯುತ್ತದೆ. ನಿಂತು ನೋಡುವ ಟಿಕೆಟ್ ಅಗ್ಗ, ಆದರೆ 67ರ ಕಾಲಿಗೆ ಮೂರು ಗಂಟೆ ಬೇಡ. ಮೇಲಿನ ಸಾಲಿನಲ್ಲಿ ವೇದಿಕೆ ಅರ್ಧ ಮಾತ್ರ ಕಾಣುವ ಸೀಟುಗಳು ಕಡಿಮೆ ಬೆಲೆಗೆ ಸಿಗುತ್ತವೆ. ಸಂಗೀತಕ್ಕೆ ಹೋಗುವವರಿಗೆ ಅರ್ಧ ವೇದಿಕೆ ಯಾಕೆ ಸಾಲದು? ಅದೇ ಒಪೆರಾದ ವಾದ್ಯವೃಂದದವರೇ ವಿಯೆನ್ನಾ ಫಿಲ್‌ಹಾರ್ಮೋನಿಕ್ ಕೂಡ. ಅವರು ಶ್ರುತಿ ಸೇರಿಸುವುದನ್ನು ಗಮನಿಸಲು ಹೇಳಿ. ಹೇಗಿತ್ತು ಎಂದು ಅವರ ಬಾಯಿಂದಲೇ ಕೇಳುವ ಆಸೆ, ನಾನು ಈಗ ಹೇಳುವುದಿಲ್ಲ.

ಇನ್ಸ್‌ಬ್ರುಕ್‌ನಲ್ಲಿ ಹೋಫ್‌ಕಿರ್ಷೆ ಎಂಬ ಚರ್ಚು ಬಿಡಬೇಡಿ. ಚಕ್ರವರ್ತಿ ಮ್ಯಾಕ್ಸಿಮಿಲಿಯನ್ ತನ್ನ ಸಮಾಧಿಗೆಂದು ಮಾಡಿಸಲು ಹೊರಟ ಆಳೆತ್ತರ ಮೀರಿದ ಕಂಚಿನ ಪ್ರತಿಮೆಗಳು, ಒಟ್ಟು 28, ಸಾಲಾಗಿ ಕಾವಲು ನಿಂತಿವೆ. ಸಮಾಧಿ ಮಾತ್ರ ಖಾಲಿ, ಅವನನ್ನು ಹೂತದ್ದು ಬೇರೆ ಊರಲ್ಲಿ! ವಿಯೆನ್ನಾ ಬಾಲಕರ ಗಾಯನ ತಂಡ ಶುರುವಾದದ್ದೂ 1498ರಲ್ಲಿ ಇವನಿಂದಲೇ.

ಡ್ಯಾನ್ಯೂಬ್_ತೀರದವಳು

ಮೇಷ್ಟ್ರೇ, ಎಷ್ಟು ಚೆನ್ನಾಗಿ ಹೇಳಿದಿರಿ.

ವಿಯೆನ್ನಾಕ್ಕೆ ನಾಲ್ಕು ರಾತ್ರಿ ಕೊಡಿ. ಸರ್ಕಾರಿ ಮ್ಯೂಸಿಯಂಗಳಲ್ಲಿ 19 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ, ನಿಮ್ಮ ಇಬ್ಬರೂ ಮಕ್ಕಳು ಪುಕ್ಕಟೆ. ಎದುರುಬದುರು ನಿಂತ ಅವಳಿ ಕಟ್ಟಡಗಳಿವೆ. ಒಂದರಲ್ಲಿ ಡೈನೋಸಾರ್, ಜೊತೆಗೆ ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ, ಶಿಲಾಯುಗದ ವಿಲೆನ್‌ಡಾರ್ಫ್ ವೀನಸ್ ಮೂರ್ತಿ. ಇನ್ನೊಂದರಲ್ಲಿ ಬ್ರೂಗೆಲ್ 1565ರಲ್ಲಿ ಬರೆದ ಹಿಮದ ಬೇಟೆಗಾರರ ಚಿತ್ರ. ಬೆಟ್ಟದಿಂದ ಇಳಿದು ಬಂದ ಮೇಲೆ ಅದನ್ನು ನೋಡಿ, ಕಾಲು ತಣ್ಣಗಾಗುತ್ತದೆ.

ಕೆಫೆಯಲ್ಲಿ ಕಾಫಿ ಜೊತೆ ಒಂದು ಲೋಟ ನೀರು ಬರುತ್ತದೆ. ಒಂದು ಕಾಫಿಗೆ ಎರಡು ಗಂಟೆ ಕೂತರೂ ಏಳಿ ಅನ್ನುವುದಿಲ್ಲ. ಆ ನೀರು ಆಲ್ಪ್ಸ್‌ನ ಬುಗ್ಗೆಯದು. 1873ರಲ್ಲಿ ಒಂದು ಕೊಳವೆ, 1910ರಲ್ಲಿ ಇನ್ನೊಂದು, ಬೆಟ್ಟದಿಂದ ತಾನಾಗಿಯೇ ಹರಿದು ಬರುತ್ತದೆ. ಬೆಂಗಳೂರಿಗೆ ಕಾವೇರಿಯನ್ನು ಪಂಪ್ ಮಾಡಿ ಮೇಲೆತ್ತುವುದನ್ನು ನೋಡಿದವಳಿಗೆ ಇದು ಮೊದಲು ನಂಬಲೇ ಆಗಲಿಲ್ಲ. ಬಾಟಲಿ ನೀರಿಗೆ ದುಡ್ಡು ಹಾಕಬೇಡಿ, ನಲ್ಲಿ ನೀರು ಕುಡಿಯಿರಿ.

ರೈಲು ಟಿಕೆಟ್ ಈಗಲೇ ಮಾಡಿಸಿ, ಬೇಗ ಕೊಂಡರೆ ಅರ್ಧಕ್ಕಿಂತ ಕಡಿಮೆಗೆ ಸಿಗುತ್ತದೆ, ಆದರೆ ಅದೇ ರೈಲು ಹಿಡಿಯಬೇಕು. ಇನ್ಸ್‌ಬ್ರುಕ್–ಸಾಲ್ಜ್‌ಬರ್ಗ್ ನಡುವೆ ರೈಲು ಜರ್ಮನಿಯೊಳಗೆ ನುಗ್ಗಿ ಹೊರಬರುತ್ತದೆ, ಪಾಸ್‌ಪೋರ್ಟ್ ಕೈಯಲ್ಲಿರಲಿ. ಸಾಲ್ಜ್‌ಬರ್ಗ್‌ನಲ್ಲಿ ಲಾಕರಿನಲ್ಲಿ ಸಾಮಾನಿಟ್ಟು ಅರ್ಧ ದಿನ ಇಳಿಯಿರಿ. ಗೆಟ್ರೈಡೆಗಾಸೆ ಬೀದಿಯ 9ನೇ ನಂಬರಿನ ಮನೆಯಲ್ಲಿ 1756ರಲ್ಲಿ ಮೊಜಾರ್ಟ್ ಹುಟ್ಟಿದ್ದು.

ಒಂದು ಕಿವಿಮಾತು, ನಗಬೇಡಿ. ಬೆಟ್ಟದ ಹೋಟೆಲುಗಳಲ್ಲಿ ಸೌನಾ, ಅಂದರೆ ಬೆವರಿಳಿಸುವ ಬಿಸಿ ಕೋಣೆ ಇರುತ್ತದೆ. ಅಲ್ಲಿ ಗಂಡಸರು ಹೆಂಗಸರು ಒಟ್ಟಿಗೇ, ಬಟ್ಟೆ ಇಲ್ಲದೆ ಕೂರುವುದು ಇಲ್ಲಿಯ ಪದ್ಧತಿ. ಅತ್ತೆಯವರನ್ನು "ಬೆಚ್ಚಗಿರುತ್ತೆ ಬನ್ನಿ" ಅಂತ ಕರೆದುಕೊಂಡು ಹೋಗಿಬಿಟ್ಟೀರಿ ಮತ್ತೆ!

ಹುಬ್ಳಿ_ಮಿರ್ಚಿ

ಇದೊಂದು ಪೋಸ್ಟಿಗೇ ನಾನು ಈ ಚರ್ಚೆ ಓದುತ್ತಾ ಕೂತಿದ್ದು ಸಾರ್ಥಕವಾಯಿತು.

ಕುಕ್ಕರಹಳ್ಳಿ_ವಾಕರ್ (ಜನವರಿ 27)

ಬಂದು ಒಂದು ವಾರ ಆಯಿತು. ಶಾಲೆಯ ನೋಟ್ಸ್ ಬರೆಸುವುದರಲ್ಲಿ ಮುಳುಗಿದ್ದೆ, ತಡವಾಯಿತು.

ಏಜೆಂಟನ್ನು ಬಿಟ್ಟು ನಾವೇ ಮಾಡಿಕೊಂಡೆವು. ಸೀಫೆಲ್ಡ್ ಆರು ರಾತ್ರಿ, ವಿಯೆನ್ನಾ ನಾಲ್ಕು. ಮೊದಲ ದಿನವೇ ಹಿಮ ಬಿತ್ತು. ಮಗ ಬಾಗಿಲು ತೆರೆದು ಬರಿಗಾಲಲ್ಲಿ ಓಡಿದ, ಅಷ್ಟೇ ಬೇಗ ಕಿರುಚಿಕೊಂಡು ವಾಪಸ್ ಬಂದ. ಎರಡನೇ ದಿನಕ್ಕೆ ಪಿಜ್ಜಾ ಕಲಿತ, ಮೂರನೇ ದಿನಕ್ಕೆ ನನಗೇ ಪಾಠ ಹೇಳಿದ. ಮಗಳು ನಿಧಾನಕ್ಕೆ ಕಲಿತಳು, ಆದರೆ ಒಂದು ಸಲವೂ ಬೀಳಲಿಲ್ಲ. ಕಾಫಿ ಕುಡಿಯುತ್ತೇನೆ ಅಂದಿದ್ದ ಯಜಮಾನರು ಮಕ್ಕಳ ಪಟ್ಟಿಯ ಮೇಲೆ ನಿಂತರು, ಬಿದ್ದರು. ಹಿಂದಿದ್ದ ಐದು ವರ್ಷದ ಟಿರೋಲ್ ಹುಡುಗಿ ಅವರ ಪಕ್ಕದಿಂದ ಸುತ್ತಿಕೊಂಡು ಮುಂದೆ ಹೋದಳು. ಆಮೇಲೆ ಅವರು ನನ್ನ ಜೊತೆ ಕ್ರಾಸ್ ಕಂಟ್ರಿಗೆ ಬಂದರು. ಅದು ನಮ್ಮ ವಯಸ್ಸಿಗೆ ಸರಿಹೋಯಿತು. ಕಾಡೊಳಗೆ ಸದ್ದೇ ಇಲ್ಲ, ನಮ್ಮ ಏದುಸಿರು ಬಿಟ್ಟರೆ.

ಅತ್ತೆ ಸೀರೆ ಒಳಗೆ ಥರ್ಮಲ್, ಮೇಲೆ ಜಾಕೆಟ್, ಕಾಲಿಗೆ ಮುಳ್ಳಿನ ಬೂಟು ಹಾಕಿಕೊಂಡು ದಿನಾ ಒಂದು ಗಂಟೆ ನಡೆದರು. ಸೂಪ್ ವಿಷಯದಲ್ಲಿ ತಿಂಡಿಪೋತ ಅವರು ನಮ್ಮನ್ನು ಎರಡು ಸಲ ಉಳಿಸಿದರು.

ತಪ್ಪೂ ಆಯಿತು. ವಿಯೆನ್ನಾ ರೈಲನ್ನು ಸಾಲ್ಜ್‌ಬರ್ಗ್‌ನಲ್ಲಿ ನಾಲ್ಕು ನಿಮಿಷದಲ್ಲಿ ತಪ್ಪಿಸಿಕೊಂಡೆವು, ಮೊಜಾರ್ಟ್ ಮನೆಯಲ್ಲಿ ಜಾಸ್ತಿ ಹೊತ್ತು ನಿಂತದ್ದಕ್ಕೆ. ಅಗ್ಗದ ಟಿಕೆಟ್ ಹೋಯಿತು, ಹೊಸದು ಕೊಂಡೆವು. ಯಾರ ಮೇಲೆ ತಪ್ಪು ಹೊರಿಸುವುದು ಅಂತ ವಿಯೆನ್ನಾ ತಲುಪುವವರೆಗೂ ಚರ್ಚೆ ನಡೆಯಿತು.

ಮೇಷ್ಟ್ರೇ, ನಿಮಗೆ ಅತ್ತೆ ಒಂದು ಮಾತು ಹೇಳಲು ಹೇಳಿದ್ದಾರೆ. ಅರ್ಧ ವೇದಿಕೆಯ ಸೀಟೇ ಸಿಕ್ಕಿತು. ದೀಪ ಆರುವ ಮೊದಲು ವಾದ್ಯದವರು ಶ್ರುತಿ ಸೇರಿಸಿದರು. ಅತ್ತೆ ತಲೆ ಓರೆ ಮಾಡಿ ಕೇಳಿ, "ಒಂದು ಎಳೆ ಏರಿಸಿಕೊಂಡಿದ್ದಾರೆ ಕಣೇ" ಅಂದರು. ನನಗೆ ಅರ್ಥವಾಗಲಿಲ್ಲ. ಆಮೇಲೆ ಮೂರು ಗಂಟೆ ಅವರು ಏನೂ ಮಾತಾಡಲಿಲ್ಲ. ಕೈ ಮಾತ್ರ ಮಡಿಲಲ್ಲಿ ಬಿಲ್ಲು ಎಳೆಯುತ್ತಿತ್ತು.

ನಿವೃತ್ತ_ಮೇಷ್ಟ್ರು

ಅಮ್ಮಾ, ಅವರಿಗೆ ನನ್ನ ನಮಸ್ಕಾರ ತಿಳಿಸಿ. ಬೇರೆ ಕಡೆ ಶ್ರುತಿಯನ್ನು ಸಾಮಾನ್ಯವಾಗಿ ಸೆಕೆಂಡಿಗೆ 440 ಕಂಪನ, ಅಂದರೆ 440 ಹರ್ಟ್ಸ್‌ಗೆ ಸೇರಿಸುತ್ತಾರೆ. ವಿಯೆನ್ನಾದವರು 443ಕ್ಕೆ. ಅಷ್ಟು ಸಣ್ಣ ವ್ಯತ್ಯಾಸವನ್ನು ಬರೀ ಕಿವಿಯಲ್ಲಿ ಹಿಡಿದರಲ್ಲ!

ಮುರಿದ_ಮಂಡಿ

ಎಲ್ಲರ ಮಂಡಿಯೂ ಸರಿಯಾಗಿದೆ ತಾನೇ? ಅಷ್ಟು ಹೇಳಿ.

ಕುಕ್ಕರಹಳ್ಳಿ_ವಾಕರ್

ಹತ್ತೂ ಮಂಡಿ ಸರಿಯಾಗಿವೆ. ವಿಮೆ ಪಾಲಿಸಿಯ ಇಪ್ಪತ್ತೆರಡು ಪುಟವನ್ನೂ ಓದಿದ್ದೆ.

ಹುಬ್ಳಿ_ಮಿರ್ಚಿ

ಅಕ್ಕ, ಒಟ್ಟು ಎಷ್ಟಾಯಿತು? ಸುಮ್ನೆ ಕೇಳಿದೆ.

ಕುಕ್ಕರಹಳ್ಳಿ_ವಾಕರ್

ಐದು ಜನಕ್ಕೆ ಒಂಬತ್ತು ಲಕ್ಷದ ಒಳಗೆ, ತಪ್ಪಿದ ರೈಲೂ ಸೇರಿ. ಏಜೆಂಟ್ ಹೇಳಿದ್ದಕ್ಕಿಂತ ನಾಲ್ಕು ಲಕ್ಷ ಕಡಿಮೆ. ಕಡಿಮೆ ಅಂತ ಯಜಮಾನರ ಮುಂದೆ ಹೇಳಿದರೆ ಮತ್ತೆ ಎರಡು ದಿನ ಮಾತು ಬಿಡುತ್ತಾರೆ.

ಇನ್_ನದಿ_ಇಡ್ಲಿ

ಅಕ್ಕ ಬಿಟ್ಟುಹೋದ ಚಟ್ನಿಪುಡಿ ಡಬ್ಬಿ ಆಗಲೇ ಅರ್ಧ ಆಗಿದೆ. ಮಾರ್ಚ್‌ನಲ್ಲಿ ಈ ಕಡೆ ಯಾರಾದರೂ ಬರುವವರಿದ್ದರೆ ತಿಳಿಸಿ. ನಿಲ್ದಾಣಕ್ಕೆ ನಾನೇ ಬಂದು ಪೆಟ್ಟಿಗೆ ಎಳೆಯುತ್ತೇನೆ.